ಕಡು ಸಮೀಪದೃಷ್ಟಿಯ ಚರಿತ್ರೆ: ವಂಶದಿಂದ ಬಂದದ್ದು, ನಮ್ಮ ಕೈಯಲ್ಲಿರುವುದು



ಜುಲೈ ತಿಂಗಳ ಮಳೆಯಲ್ಲಿ ನಮ್ಮ ಮಲೆನಾಡಿನ ಯಾವುದಾದರೂ ಶಾಲೆಗೆ ಒಮ್ಮೆ ಬನ್ನಿ. ಮಧ್ಯಾಹ್ನ ಮೂರು ಗಂಟೆಗೇ ತರಗತಿಯಲ್ಲಿ ಕತ್ತಲೆ ಕವಿದಿರುತ್ತದೆ, ಕರೆಂಟು ಹೋಗಿರುತ್ತದೆ. ಆಗ ಮೊದಲ ಬೆಂಚಿನಲ್ಲಿ ಒಂದಿಬ್ಬರು ಮಕ್ಕಳು ಕಣ್ಣನ್ನು ಕಿರಿದು ಮಾಡಿ ಕಪ್ಪು ಹಲಗೆಯನ್ನು ನೋಡುತ್ತಿರುವುದು ಕಾಣುತ್ತದೆ. ಉರ್ದು ಪಾಠದಲ್ಲಿ ನುಕ್ತೆ ತಪ್ಪಿ ಬರೆಯುವವರು, ಕನ್ನಡ ಪಾಠದಲ್ಲಿ ಒತ್ತಕ್ಷರ ಬಿಡುವವರು ಬಹುಪಾಲು ಇವರೇ. ಅವರನ್ನು ನಾವು ದಡ್ಡರೆಂದು ಗದರುತ್ತೇವೆ. ಅಕ್ಷರವೇ ಕಾಣದಿದ್ದರೆ ಮಗು ಸರಿಯಾಗಿ ಬರೆಯುವುದಾದರೂ ಹೇಗೆ?

ಈ ಮಕ್ಕಳಿಗಿರುವುದು ಸಮೀಪದೃಷ್ಟಿ ದೋಷ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ಹೆಚ್ಚಿನವರಿಗೆ ಒಂದು ಕನ್ನಡಕದಿಂದ ತೊಂದರೆ ಬಗೆಹರಿಯುತ್ತದೆ. ಆದರೆ ಕೆಲವರ ನಂಬರು ಏರುತ್ತಲೇ ಹೋಗಿ ಮೈನಸ್ ಆರನ್ನು ದಾಟುತ್ತದೆ. ಇದನ್ನೇ ಕಡು ಸಮೀಪದೃಷ್ಟಿ ಎನ್ನುತ್ತಾರೆ. ಇಂತಹ ಕಣ್ಣುಗಳಲ್ಲಿ ಕೆಲವು, ಕನ್ನಡಕವಿದ್ದರೂ, ವಯಸ್ಸು ಹೆಚ್ಚಿದಂತೆ ಬೆಳಕನ್ನೇ ಕಳೆದುಕೊಳ್ಳುತ್ತವೆ. ಯಾರ ಕಣ್ಣು ಉಳಿಯುತ್ತದೆ, ಯಾರದು ಕೆಡುತ್ತದೆ, ಅದರಲ್ಲಿ ವಂಶದ ಪಾಲೆಷ್ಟು ಎಂಬ ಪ್ರಶ್ನೆಗೆ ಮನುಷ್ಯನು ಸಾವಿರ ವರ್ಷಗಳಲ್ಲಿ ಹಂತಹಂತವಾಗಿ ಉತ್ತರ ಕಂಡುಕೊಂಡಿದ್ದಾನೆ. ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ. ಇದನ್ನು ಬರೆಯಲು ನನಗೊಂದು ಸ್ವಂತ ಕಾರಣವೂ ಇದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಹತ್ತೊಂಬತ್ತು ದಿನ

ನಮ್ಮ ಅಬ್ಬಾ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಬಟವಾಡೆ, ಕೊಯ್ಲಿನ ಲೆಕ್ಕ ಎಲ್ಲವೂ ಅವರ ಕೈಯಲ್ಲಿ. ಅವರ ಕನ್ನಡಕದ ನಂಬರು ಮೈನಸ್ ಹನ್ನೊಂದು. ಸೀಸೆಯ ತಳದಂತಹ ಆ ದಪ್ಪ ಗಾಜಿನ ಹಿಂದೆ ಅವರ ಕಣ್ಣು ಚಿಕ್ಕದಾಗಿ ಕಾಣುತ್ತಿತ್ತು.

2003ರ ಮಳೆಗಾಲ. ಒಂದು ಸಂಜೆ ಅಬ್ಬಾ, "ಎಡಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಗುತ್ತಿದೆ" ಎಂದರು. ಮರುದಿನ ಕಣ್ಣ ಮುಂದೆ ನುಸಿಗಳು ಹಾರಾಡತೊಡಗಿದವು. ಅಮ್ಮ ನಜರ್ ಆಗಿದೆಯೆಂದು ಮೆಣಸಿನಕಾಯಿ ಇಳಿ ತೆಗೆದರು. ಮೂರು ದಿನ ಬಿಟ್ಟು ಒಬ್ಬ ವೈದ್ಯರಿಗೆ ತೋರಿಸಿದಾಗ, ನಿಶ್ಶಕ್ತಿಯೆಂದು ಹೇಳಿ ಹನಿ ಔಷಧಿ ಬರೆದುಕೊಟ್ಟರು. ವಾರ ಕಳೆಯುವಷ್ಟರಲ್ಲಿ ಕಣ್ಣಿನ ಒಂದು ಬದಿಯಿಂದ ಕಪ್ಪು ಪರದೆ ಇಳಿಯತೊಡಗಿತು. ಬಟವಾಡೆಯ ಲೆಕ್ಕ ಮುಗಿಯಲಿ, ಮಳೆ ಸ್ವಲ್ಪ ನಿಲ್ಲಲಿ ಎಂದು ಅಬ್ಬಾ ತಡೆದರು. ಕೊನೆಗೆ ಬೆಂಗಳೂರಿನಲ್ಲಿ ಕಣ್ಣಿನ ತಜ್ಞರ ಎದುರು ಕೂರುವಾಗ, ಮೊದಲ ಮಿಂಚು ಕಂಡು ಹತ್ತೊಂಬತ್ತು ದಿನವಾಗಿತ್ತು. ಅಕ್ಷಿಪಟಲ, ಅಂದರೆ ರೆಟಿನಾ, ಹರಿದು ಕಳಚಿಕೊಂಡಿತ್ತು. ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಮತ್ತೆ ಕೂರಿಸಿದರು. ಆದರೆ ಆ ಕಣ್ಣಿಗೆ ಅಕ್ಷರ ಓದುವ ಶಕ್ತಿ ತಿರುಗಿ ಬರಲಿಲ್ಲ.

ಅಂದು ಆ ತಜ್ಞರು ಒಂದು ಪ್ರಶ್ನೆ ಕೇಳಿದರು: "ಮನೆಯಲ್ಲಿ ಇನ್ನು ಯಾರಿಗೆಲ್ಲ ಮೈನಸ್ ನಂಬರು ಇದೆ?" ಬಾಗಿಲ ಬಳಿ ನಿಂತಿದ್ದ ನನಗೆ ಆಗ ಹದಿಮೂರು ವರ್ಷ. ನನ್ನ ನಂಬರು ಆಗಲೇ ಮೈನಸ್ ಐದು. ಈ ಇಡೀ ಲೇಖನ ಆ ಒಂದು ಪ್ರಶ್ನೆಯ ವಿವರಣೆ ಎಂದರೂ ಸಲ್ಲುತ್ತದೆ.

ಬಸ್ರಾದಿಂದ ಪ್ರಾಗ್‌ವರೆಗೆ

ನಾವು ನೋಡುವುದು ಹೇಗೆ? ಪುರಾತನ ಗ್ರೀಸಿನ ಹಲವು ಪಂಡಿತರು ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ನಂಬಿದ್ದರು. ಇದನ್ನು ಪ್ರಯೋಗ ಮತ್ತು ಗಣಿತದ ಬಲದಿಂದ ಅಲ್ಲಗಳೆದವರು ಇಬ್ನ್ ಅಲ್ ಹೈಸಮ್. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ನೆಲೆಸಿ, ಸುಮಾರು 1040ರಲ್ಲಿ ತೀರಿಕೊಂಡ ಅವರು 11ನೇ ಶತಮಾನದ ಆರಂಭದಲ್ಲಿ 'ಕಿತಾಬುಲ್ ಮನಾಝಿರ್' ಎಂಬ ಏಳು ಭಾಗಗಳ ಗ್ರಂಥ ಬರೆದರು. ವಸ್ತುವಿನಿಂದ ಹೊರಟ ಬೆಳಕು ಕಣ್ಣನ್ನು ಪ್ರವೇಶಿಸುವುದರಿಂದಲೇ ನೋಟ ಸಾಧ್ಯ ಎಂಬುದನ್ನು ಅವರು ಸ್ಥಾಪಿಸಿದರು. ಆ ಗ್ರಂಥ ಲ್ಯಾಟಿನ್ ಭಾಷೆಗೆ ಅನುವಾದಗೊಂಡು 1572ರಲ್ಲಿ ಯುರೋಪಿನಲ್ಲಿ ಅಚ್ಚಾಯಿತು.

ಅವರನ್ನು ಹೊಗಳುವ ಭರದಲ್ಲಿ ಎಲ್ಲವನ್ನೂ ಅವರೇ ಕಂಡುಹಿಡಿದರೆಂದು ಹೇಳುವುದು ಸರಿಯಲ್ಲ. ಬೆಳಕನ್ನು ಗ್ರಹಿಸುವ ಭಾಗ ಕಣ್ಣಿನ ಮಸೂರವೆಂದೇ ಅವರು ತಿಳಿದಿದ್ದರು. ಬಿಂಬ ಮೂಡುವುದು ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಎಂದು ತೋರಿಸಿದವನು ಜರ್ಮನಿಯ ಯೋಹಾನ್ಸ್ ಕೆಪ್ಲರ್. ಪ್ರಾಗ್ ನಗರದಲ್ಲಿದ್ದಾಗ 1604ರಲ್ಲಿ ಬರೆದ ಗ್ರಂಥದಲ್ಲಿ ಅವನು ಅಲ್ ಹೈಸಮ್ ಹಾಕಿದ ದಾರಿಯಲ್ಲೇ ಮುಂದೆ ನಡೆದ. ಸಮೀಪದೃಷ್ಟಿಯವರಲ್ಲಿ ಬಿಂಬವು ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುತ್ತದೆ, ನಿಮ್ನ ಮಸೂರ ಅದನ್ನು ಹಿಂದಕ್ಕೆ ಸರಿಸುತ್ತದೆ ಎಂದು ಮೊದಲು ವಿವರಿಸಿದವನೂ ಅವನೇ. ಅಷ್ಟರಲ್ಲಾಗಲೇ ಅಂತಹ ಮಸೂರದ ಕನ್ನಡಕಗಳು ಇಟಲಿಯಲ್ಲಿ ಸುಮಾರು ನೂರೈವತ್ತು ವರ್ಷಗಳಿಂದ ಬಳಕೆಯಲ್ಲಿದ್ದವು. ಅಂದರೆ ಕನ್ನಡಕ ಮೊದಲು ಬಂತು, ಕಾರಣ ಆಮೇಲೆ ತಿಳಿಯಿತು.

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಪಾಲಿದೆ. 16ನೇ ಶತಮಾನದ ವಿಜಯನಗರದ ವ್ಯಾಸತೀರ್ಥರ ಜೀವನವನ್ನು ಹೇಳುವ 'ವ್ಯಾಸಯೋಗಿಚರಿತ'ದಲ್ಲಿ ಓದುವ ಕನ್ನಡಕದ ಉಲ್ಲೇಖವಿದೆಯೆಂದು ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ಗುರುತಿಸಿದ್ದಾರೆ. ತಂಜಾವೂರಿನ ಬಳಿಯ ವಲ್ಲಂನಲ್ಲಿ ಸ್ಫಟಿಕ ಶಿಲೆಯನ್ನು ಉಜ್ಜಿ ಕನ್ನಡಕ ಮಾಡುತ್ತಿದ್ದರು. ಪದಗಳನ್ನೇ ನೋಡಿ. ಉರ್ದುವಿನ 'ಐನಕ್' ಕಣ್ಣು ಎಂಬರ್ಥದ 'ಐನ್'ನೊಂದಿಗೆ ಸೇರಿಕೊಂಡಿದೆ. ಕನ್ನಡದ 'ಕನ್ನಡಕ' ಕನ್ನಡಿಯ ನಂಟು. ಆದರೆ ಉರ್ದುವಿನಲ್ಲಿ 'ಕೋತಾಹ್ ನಜರ್' ಎಂದರೆ ದೂರಾಲೋಚನೆ ಇಲ್ಲದವನು ಎಂಬ ಬೈಗುಳವೂ ಹೌದು. ಕಣ್ಣಿನ ದೋಷವನ್ನು ಗುಣದ ದೋಷವಾಗಿ ಕಾಣುವ ಅಭ್ಯಾಸ ಎಷ್ಟು ಹಳೆಯದೆಂಬುದಕ್ಕೆ ಇದೇ ಸಾಕ್ಷಿ.

ಶಾಲೆಯೋ, ವಂಶವೋ?

ಕಣ್ಣು ಯಾಕೆ ಹೀಗಾಗುತ್ತದೆ ಎಂಬುದು ತಿಳಿಯಲು 19ನೇ ಶತಮಾನ ಬರಬೇಕಾಯಿತು. 1801ರಲ್ಲಿ ಇಟಲಿಯ ಅಂಟೋನಿಯೊ ಸ್ಕಾರ್ಪಾ ಕೆಲವು ಕಣ್ಣುಗಳ ಹಿಂಭಾಗ ಉಬ್ಬಿರುವುದನ್ನು ವರ್ಣಿಸಿದ. 1850ರ ದಶಕದಲ್ಲಿ ಫರ್ಡಿನಂಡ್ ಆರ್ಲ್ಟ್ ಎಂಬ ವೈದ್ಯ, ಸಮೀಪದೃಷ್ಟಿಗೆ ಮುಖ್ಯ ಕಾರಣ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದೇ ಎಂದು ತೋರಿಸಿದ. ಅದೇ ಹೊತ್ತಿಗೆ, 1851ರಲ್ಲಿ, ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಜೀವಂತ ಮನುಷ್ಯನ ಕಣ್ಣಿನೊಳಗೆ ಇಣುಕಿ ನೋಡುವ ಉಪಕರಣವನ್ನು ಪ್ರಕಟಿಸಿದ. ಅದುವರೆಗೆ ಸತ್ತವರ ಕಣ್ಣಿನಲ್ಲಿ ಮಾತ್ರ ಕಾಣುತ್ತಿದ್ದ ಅಕ್ಷಿಪಟಲ ಬದುಕಿದ್ದವರಲ್ಲೇ ಕಾಣತೊಡಗಿತು. 1864ರಲ್ಲಿ ಹಾಲೆಂಡಿನ ಡೊಂಡರ್ಸ್ ದೃಷ್ಟಿದೋಷಗಳ ಬಗ್ಗೆ ಬರೆದ ಮಹಾಗ್ರಂಥವು ಕಡು ಸಮೀಪದೃಷ್ಟಿ ಬರಿಯ ಅನಾನುಕೂಲವಲ್ಲ, ಅದೊಂದು ರೋಗಪೀಡಿತ ಕಣ್ಣು ಎಂದು ಎಚ್ಚರಿಸಿತು.

ವಿಷಯ ಸರಳ. ದೊಡ್ಡವರ ಕಣ್ಣುಗುಡ್ಡೆಯ ಉದ್ದ ಸಾಮಾನ್ಯವಾಗಿ ಸುಮಾರು 24 ಮಿಲಿಮೀಟರ್. ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ನಂಬರು ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಬಲೂನನ್ನು ಊದಿದಂತೆಲ್ಲ ಅದರ ರಬ್ಬರು ತೆಳ್ಳಗಾಗುವಂತೆ, ಕಣ್ಣು ಉದ್ದವಾದಂತೆಲ್ಲ ಒಳಗಿನ ಅಕ್ಷಿಪಟಲ ಎಳೆದುಕೊಂಡು ತೆಳ್ಳಗಾಗುತ್ತದೆ. ಅಂಚಿನಲ್ಲಿ ಹರಿದರೆ ಕಳಚಿಕೊಳ್ಳುತ್ತದೆ. ಮಧ್ಯದಲ್ಲಿ ಸವೆದರೆ ಓದುವ ನೋಟ ಹೋಗುತ್ತದೆ. ಇವಲ್ಲದೆ ಗ್ಲಾಕೋಮಾ ಮತ್ತು ಬೇಗನೆ ಬರುವ ಪೊರೆಯ ಅಪಾಯವೂ ಹೆಚ್ಚು. ಕನ್ನಡಕ ಬಿಂಬವನ್ನು ಸರಿಪಡಿಸುತ್ತದೆ, ಕಣ್ಣಿನ ಉದ್ದವನ್ನಲ್ಲ. ಈ ಒಂದು ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನು ಜಗಳ ಶುರುವಾಯಿತು. 1867ರಲ್ಲಿ ಬ್ರೆಸ್ಲೌ ನಗರದ ಹರ್ಮನ್ ಕೋನ್ ಎಂಬ ವೈದ್ಯ 10,060 ಶಾಲಾಮಕ್ಕಳ ಕಣ್ಣು ಪರೀಕ್ಷಿಸಿದ ವರದಿ ಪ್ರಕಟಿಸಿದ. ಹಳ್ಳಿಯ ಶಾಲೆಗಳಲ್ಲಿ ಸಮೀಪದೃಷ್ಟಿ ಅಪರೂಪ, ನಗರದ ಮೇಲ್ತರಗತಿಗಳಲ್ಲಿ ಬಹಳ. ಕತ್ತಲೆಯ ಕೋಣೆ, ಸಣ್ಣ ಅಕ್ಷರ, ಕೆಟ್ಟ ಬೆಂಚು, ಇವೇ ಕಾರಣ ಎಂದು ಅವನು ವಾದಿಸಿದ. 1913ರಲ್ಲಿ ಸ್ವಿಟ್ಜರ್ಲೆಂಡಿನ ಅಡಾಲ್ಫ್ ಸ್ಟೈಗರ್ ಇದನ್ನು ವಿರೋಧಿಸಿ, ಎಲ್ಲವೂ ವಂಶಪಾರಂಪರ್ಯ, ಶಾಲೆಯದೇನೂ ತಪ್ಪಿಲ್ಲ ಎಂದ. 1962ರಲ್ಲಿ ಇಂಗ್ಲೆಂಡಿನ ಸೋರ್ಸ್‌ಬಿ ಮತ್ತು ಸಂಗಡಿಗರು ಅವಳಿಗಳನ್ನು ಪರೀಕ್ಷಿಸಿದಾಗ, ಒಂದೇ ಅಂಡದ ಅವಳಿಗಳ ಕಣ್ಣಿನ ನಂಬರು ಬೇರೆ ಬೇರೆ ಅಂಡದ ಅವಳಿಗಳಿಗಿಂತ ಬಹಳ ಹೆಚ್ಚು ಹೋಲುತ್ತಿತ್ತು. ವಂಶವಾದಕ್ಕೆ ಬಲ ಬಂತು. ಆದರೆ 1969ರಲ್ಲಿ ಅಲಾಸ್ಕಾದ ಬ್ಯಾರೋ ಎಂಬಲ್ಲಿ ನಡೆದ ಅಧ್ಯಯನ ಬೇರೆಯದನ್ನೇ ಹೇಳಿತು. ಶಾಲೆಗೆ ಹೋಗದ ಹಿರಿಯ ತಲೆಮಾರಿನಲ್ಲಿ ಸಮೀಪದೃಷ್ಟಿ ಇಲ್ಲವೆನ್ನುವಷ್ಟು ಕಡಿಮೆ, ಶಾಲೆಗೆ ಹೋದ ಅವರದೇ ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ! ಒಂದೆರಡು ತಲೆಮಾರಿನಲ್ಲಿ ವಂಶ ಬದಲಾಗುವುದಿಲ್ಲ, ಬದುಕು ಬದಲಾಗುತ್ತದೆ.

ನಮ್ಮ ನಾಡಿನ ಕಣ್ಣಿನ ಆಸ್ಪತ್ರೆಗಳು

ಇತ್ತ ನಮ್ಮ ದೇಶದಲ್ಲಿ 1819ರಲ್ಲಿ ಮದರಾಸಿನಲ್ಲಿ ಕಣ್ಣಿನ ಆಸ್ಪತ್ರೆ ಆರಂಭವಾಯಿತು. ಮೈಸೂರು ಸಂಸ್ಥಾನದಲ್ಲಿ 1896ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸಣ್ಣ ಔಷಧಾಲಯವಾಗಿ ಶುರುವಾದದ್ದೇ ಮುಂದೆ ಮಿಂಟೋ ಕಣ್ಣಾಸ್ಪತ್ರೆಯಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಅಂದು ದೊಡ್ಡ ಶತ್ರು ಕಣ್ಣಿನ ಪೊರೆ. ಬಿಜಾಪುರ ಸೀಮೆಯ ಬೀಳಗಿಯವರಾದ ಡಾ. ಎಂ.ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ಉಚಿತ ನೇತ್ರ ಶಿಬಿರ ನಡೆಸಿ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 1976ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. 1982ರಲ್ಲಿ ಡಾ. ಕೆ. ಭುಜಂಗ ಶೆಟ್ಟಿಯವರು ಬೆಂಗಳೂರಿನಲ್ಲಿ ನಾರಾಯಣ ನೇತ್ರಾಲಯ ಸ್ಥಾಪಿಸಿದರು.

ಈ ಮಹನೀಯರ ಸೇವೆಯನ್ನು ಎಷ್ಟು ನೆನೆದರೂ ಸಾಲದು. ಆದರೆ ಇದರಿಂದ ನಮ್ಮ ಜನರ ಮನಸ್ಸಿನಲ್ಲಿ ಒಂದು ತಪ್ಪು ಕಲ್ಪನೆಯೂ ಬೇರೂರಿತು. ಕಣ್ಣು ಕಾಣದಿರುವುದು ಎಂದರೆ ಪೊರೆ, ಅದು ಮುದುಕರಿಗೆ ಬರುವುದು, ಶಿಬಿರ ಬರುವವರೆಗೆ ಕಾದರೂ ನಡೆಯುತ್ತದೆ ಎಂಬ ಕಲ್ಪನೆ. ಪೊರೆ ಕಾಯುತ್ತದೆ. ಕಳಚಿದ ಅಕ್ಷಿಪಟಲ ಕಾಯುವುದಿಲ್ಲ. ನಮ್ಮ ಅಬ್ಬಾ ಕಣ್ಣು ಕಳೆದುಕೊಂಡದ್ದು ಈ ವ್ಯತ್ಯಾಸ ಯಾರೂ ನಮಗೆ ಹೇಳದಿದ್ದುದರಿಂದ.

ಅಕ್ಷಿಪಟಲ ಕಳಚಿದರೆ ಕುರುಡೇ ಗತಿ ಎಂಬ ಕಾಲವೂ ಇತ್ತು. ಅದನ್ನು ಬದಲಿಸಿದವರು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಜೂಲ್ಸ್ ಗೋನಿನ್. ಕಳಚಲು ಕಾರಣ ಒಂದು ಸಣ್ಣ ಹರಕು, ಆ ಹರಕನ್ನು ಹುಡುಕಿ ಸುಟ್ಟು ಮುಚ್ಚಿದರೆ ಅಕ್ಷಿಪಟಲ ಮತ್ತೆ ಅಂಟಿಕೊಳ್ಳುತ್ತದೆ ಎಂದು ಅವರು 1920ರ ಆಸುಪಾಸಿನಲ್ಲಿ ತೋರಿಸಿದರು. ಜಗತ್ತು ಅದನ್ನು ಒಪ್ಪಲು ಸುಮಾರು ಹತ್ತು ವರ್ಷ ಹಿಡಿಯಿತು. 1949ರಲ್ಲಿ ಜರ್ಮನಿಯಲ್ಲಿ ಬೆಳಕಿನಿಂದಲೇ ಹರಕು ಮುಚ್ಚುವ ವಿಧಾನ ಆರಂಭವಾಗಿ, ಮುಂದೆ ಅದು ಲೇಸರ್ ಆಯಿತು. 1970ರ ಹೊತ್ತಿಗೆ ರಾಬರ್ಟ್ ಮಾಖೆಮರ್ ಕಣ್ಣಿನೊಳಗಿನ ದ್ರವವನ್ನೇ ತೆಗೆದು ಶಸ್ತ್ರಚಿಕಿತ್ಸೆ ಮಾಡುವ ದಾರಿ ತೆರೆದರು. ಇಂದು ಹರಕು ಮಾತ್ರ ಇದ್ದು ಕಳಚುವ ಮುಂಚೆ ಹೋದರೆ, ಬಹುಪಾಲು ಕೆಲವೇ ನಿಮಿಷಗಳ ಲೇಸರ್ ಸಾಕಾಗುತ್ತದೆ.

ಜೀನುಗಳ ಕಥೆ

ಈಗ ಮುಖ್ಯ ವಿಷಯಕ್ಕೆ ಬರೋಣ. ವಂಶದಿಂದ ಬರುವ ಅಪಾಯ ಎರಡು ಬಗೆಯದು.

ಮೊದಲನೆಯದು, ಒಂದೇ ಒಂದು ಜೀನಿನ ದೋಷದಿಂದ ಬರುವ ಅಪರೂಪದ ಕಾಯಿಲೆಗಳು. 1965ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಗುನ್ನಾರ್ ಸ್ಟಿಕ್ಲರ್ ಒಂದು ಕುಟುಂಬವನ್ನು ವರ್ಣಿಸಿದರು. ಅವರಲ್ಲಿ ಚಿಕ್ಕಂದಿನಿಂದಲೇ ಕಡು ಸಮೀಪದೃಷ್ಟಿ, ಅಕ್ಷಿಪಟಲ ಕಳಚುವುದು, ಜೊತೆಗೆ ಕೀಲುಗಳ ತೊಂದರೆ. ಇಂತಹವರಲ್ಲಿ ಕೆಲವರಿಗೆ ಕಿವಿ ಮಂದ, ಕೆಲವರಿಗೆ ಸೀಳಂಗುಳ. ಬಹುಪಾಲು ಇದಕ್ಕೆ ಕಾರಣ ಸಿಒಎಲ್2ಎ1 ಎಂಬ ಜೀನು. ದೇಹದ ಮೃದ್ವಸ್ಥಿಗೂ ಕಣ್ಣಿನೊಳಗಿನ ಲೋಳೆಗೂ ಬೇಕಾದ ಕೊಲಾಜೆನ್ ಎಂಬ ನಾರಿನ ನಕ್ಷೆ ಅದರಲ್ಲಿದೆ. ನಾರು ದುರ್ಬಲವಾದರೆ ಕೀಲೂ ಕೆಡುತ್ತದೆ, ಕಣ್ಣೂ ಕೆಡುತ್ತದೆ. ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. 1896ರಲ್ಲಿ ಫ್ರಾನ್ಸಿನ ಮಾರ್ಫಾನ್ ವರ್ಣಿಸಿದ ಇನ್ನೊಂದು ಕಾಯಿಲೆಯೂ ಹೀಗೆಯೇ ಬರುತ್ತದೆ. ಎತ್ತರದ ಮೈಕಟ್ಟು, ಉದ್ದ ಬೆರಳು, ಜಾರಿದ ಮಸೂರ, ಹೃದಯದ ರಕ್ತನಾಳದ ತೊಂದರೆ ಅದರ ಲಕ್ಷಣಗಳು. ಅದರ ಜೀನು 1991ರಲ್ಲಿ ಪತ್ತೆಯಾಯಿತು.

ಒಂದು ಜೀನಿನ ದೋಷ ಕುಟುಂಬಗಳನ್ನು ಹೇಗೆ ಕಾಡುತ್ತದೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಲ್ಲೇ 1970ರ ದಶಕದಲ್ಲಿ ಒಂದು ಕಾಯಿಲೆ ಬೆಳಕಿಗೆ ಬಂತು. ಶಿವಮೊಗ್ಗ ಜಿಲ್ಲೆಯಲ್ಲಿ ಮಾತ್ರವಲ್ಲ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಅದರಿಂದ ನರಳಿದವರಿದ್ದಾರೆ. ಅದು ಕೀಲು ಮೂಳೆಯ ಕಾಯಿಲೆ, ಕಣ್ಣಿನದಲ್ಲ. ಆದರೆ ಅದೂ ಪೋಷಕರಲ್ಲಿ ಒಬ್ಬರಿಂದಲೇ ಮಕ್ಕಳಿಗೆ ಇಳಿಯುವಂಥದು.

ಇನ್ನು ಕೆಲವು ಕಾಯಿಲೆಗಳು ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನು ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. 1971ರಲ್ಲಿ ವರ್ಣಿಸಲಾದ ನಾಬ್ಲಾಕ್ ಸಿಂಡ್ರೋಮ್ ಅಂತಹದು. 2013ರಲ್ಲಿ ಸೌದಿ ಅರೇಬಿಯಾದ ಸಂಶೋಧಕರು, ಸಂಬಂಧದಲ್ಲೇ ಮದುವೆಯಾದ ಕುಟುಂಬಗಳ ಮಕ್ಕಳಲ್ಲಿ ಕಡು ಸಮೀಪದೃಷ್ಟಿಗೆ ಕಾರಣವಾದ ಎಲ್‌ಆರ್‌ಪಿಎಪಿ1 ಎಂಬ ಜೀನನ್ನು ಗುರುತಿಸಿದರು. ಇದನ್ನು ಓದಿ ಯಾರೂ ಬೇಸರಿಸಬಾರದು. ಸಂಬಂಧದ ಮದುವೆ ಒಂದೇ ಸಮುದಾಯದ ಮಾತಲ್ಲ. ನಮ್ಮಲ್ಲಿ ಚಿಕ್ಕಪ್ಪ, ಮಾವಂದಿರ ಮಕ್ಕಳ ನಡುವೆ ಆದರೆ, ನೆರೆಹೊರೆಯವರಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ನಡುವೆಯೂ ನಡೆಯುತ್ತದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಯಾದ ತಾಯಂದಿರ ದೊಡ್ಡ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಮದುವೆ ಸಂಬಂಧದಲ್ಲೇ ಆಗಿತ್ತು. ಸಾಮಾನ್ಯ ಸಮೀಪದೃಷ್ಟಿಗೆ ಇದು ಕಾರಣವಲ್ಲ. ಆದರೆ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಕಣ್ಣು ಕಳೆದುಕೊಂಡವರಿದ್ದರೆ, ಅದೇ ಮನೆತನದೊಳಗೆ ಮದುವೆ ನಿಶ್ಚಯಿಸುವ ಮುನ್ನ ವಂಶವಾಹಿ ತಜ್ಞರ ಸಲಹೆ ಕೇಳುವುದು ಜಾಣತನ.

ಎರಡನೆಯ ಬಗೆಯೇ ಹೆಚ್ಚಿನವರದು, ಬಹುಶಃ ನಮ್ಮ ಮನೆಯದೂ ಅದೇ. ಇಲ್ಲಿ ಒಂದು ಜೀನಲ್ಲ, ನೂರಾರು ಜೀನುಗಳು ತಲಾ ಸ್ವಲ್ಪ ಸ್ವಲ್ಪ ಪಾಲು ಕೊಡುತ್ತವೆ. 2013ರಲ್ಲಿ ಎರಡು ತಂಡಗಳು ತಲಾ 45,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ ಇಂತಹ ಹಲವು ಸ್ಥಾನಗಳನ್ನು ಗುರುತಿಸಿದವು. 2018ರಲ್ಲಿ 1,60,420 ಜನರ ಅಧ್ಯಯನದಲ್ಲಿ 161 ಸ್ಥಾನಗಳು ಸಿಕ್ಕವು. 2020ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ ಆ ಸಂಖ್ಯೆಯನ್ನು 400 ದಾಟಿಸಿತು. ಇವುಗಳಲ್ಲಿ ಹಲವು ಜೀನುಗಳು ಅಕ್ಷಿಪಟಲವು ಬೆಳಕನ್ನು ಗ್ರಹಿಸುವ ಕೆಲಸಕ್ಕೆ ಸೇರಿದವು. ಇದರ ಅರ್ಥವೇನೆಂಬುದನ್ನು ಮುಂದೆ ನೋಡೋಣ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು 2018ರ ಇನ್ನೊಂದು ವರದಿ. ಮೈನಸ್ ಹತ್ತು ಇದ್ದರೂ ಎಂಬತ್ತರವರೆಗೆ ಚೆನ್ನಾಗಿ ಓದುವವರಿದ್ದಾರೆ, ಮೈನಸ್ ಏಳಕ್ಕೇ ಐವತ್ತರಲ್ಲಿ ನೋಟ ಕಳೆದುಕೊಳ್ಳುವವರೂ ಇದ್ದಾರೆ. ಯಾಕೆ? ಜಪಾನಿನ ಸಂಶೋಧಕರು ಕಡು ಸಮೀಪದೃಷ್ಟಿಯವರನ್ನೇ ಎರಡು ಗುಂಪು ಮಾಡಿ ಹೋಲಿಸಿದರು. ಕಣ್ಣಿನ ಮಧ್ಯಭಾಗ ಸವೆದವರಲ್ಲಿ ಸಿಸಿಡಿಸಿ102ಬಿ ಎಂಬ ಜೀನಿನ ಒಂದು ರೂಪ ಹೆಚ್ಚಾಗಿ ಕಂಡಿತು. ಈ ಜೀನಿಗೆ ಸಮೀಪದೃಷ್ಟಿ ಬರುವುದರೊಂದಿಗೆ ಸಂಬಂಧ ಕಾಣಲಿಲ್ಲ, ಬಂದ ಮೇಲೆ ಕೆಡುವುದರೊಂದಿಗೆ ಮಾತ್ರ ಸಂಬಂಧ. ಅಂದರೆ ನಂಬರು ಏರಿಸುವ ವಂಶಗುಣ ಬೇರೆ, ಕಣ್ಣು ಕೆಡಿಸುವ ವಂಶಗುಣ ಬೇರೆ ಇರಬಹುದು. ಆದ್ದರಿಂದ ವೈದ್ಯರು "ಮನೆಯಲ್ಲಿ ಯಾರಿಗೆ ಕನ್ನಡಕ ಇದೆ" ಎಂದು ಕೇಳಿದರೆ ಸಾಲದು, "ಮನೆಯಲ್ಲಿ ಯಾರ ಕಣ್ಣು ಹೋಗಿದೆ, ಯಾವ ವಯಸ್ಸಿನಲ್ಲಿ" ಎಂದೂ ಕೇಳಬೇಕು. ಅವರು ಕೇಳದಿದ್ದರೆ ನಾವೇ ಹೇಳಬೇಕು.

ಬೀಜ ಮತ್ತು ನೆರಳು

ಕಾಫಿ ನಾಡಿನವರಿಗೆ ಈ ವಿಷಯ ಹೊಸದಲ್ಲ. ನಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ಎಲೆತುಕ್ಕು ರೋಗವನ್ನು ತಾಳಬಲ್ಲ ಗಿಡಗಳನ್ನು ಆರಿಸಿ, ಕೂಡಿಸಿ, ಅಲ್ಲಿ 1940ರ ದಶಕದಲ್ಲಿ ಎಸ್.795 ತಳಿಯನ್ನು ರೂಪಿಸಿದರು. ಬೀಜದ ಗುಣ ಮುಖ್ಯ ಎಂಬುದು ಪ್ರತಿ ಬೆಳೆಗಾರನಿಗೂ ಗೊತ್ತು. ಆದರೆ ಅದೇ ಬೀಜದ ಗಿಡ ಸರಿಯಾದ ನೆರಳಿನಲ್ಲಿ ಒಂದು ಬಗೆ, ಬೋಳು ಗುಡ್ಡದಲ್ಲಿ ಇನ್ನೊಂದು ಬಗೆ ಎಂಬುದೂ ಅವನಿಗೆ ಗೊತ್ತು. ಕೋನ್ ಮತ್ತು ಸ್ಟೈಗರ್ ಅರ್ಧ ಶತಮಾನ ಎಳೆದಾಡಿದ ಪ್ರಶ್ನೆಗೆ ನಮ್ಮ ತೋಟದ ಮೇಸ್ತ್ರಿಯೇ ಉತ್ತರ ಹೇಳುತ್ತಿದ್ದ: ಎರಡೂ ಬೇಕು.

ಕಣ್ಣಿಗೆ ಮಾತ್ರ ನೆರಳಲ್ಲ, ಬೆಳಕು ಬೇಕು. ಬೆಳಕನ್ನು ಗ್ರಹಿಸುವ ಜೀನುಗಳ ಮಾತು ಮೇಲೆ ಬಂತಲ್ಲ, ಅದಕ್ಕೆ ಹೊಂದುವ ಸಾಕ್ಷಿ ಚೀನಾದಿಂದ ಬಂದಿದೆ. ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಮೂರು ವರ್ಷ ದಿನವೂ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಚಟುವಟಿಕೆ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಶೇ. 30.4 ಜನರಿಗೆ, ಉಳಿದ ಶಾಲೆಗಳಲ್ಲಿ ಶೇ. 39.5 ಜನರಿಗೆ. ಒಂದು ಪೈಸೆ ಖರ್ಚಿಲ್ಲದ ಔಷಧಿ ಇದು. ಅದೇ 2015ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ ಶಾಲಾಮಕ್ಕಳಲ್ಲಿ ಶೇ. 13.1 ಜನರಿಗೆ ಸಮೀಪದೃಷ್ಟಿ ಕಂಡುಬಂದಿತ್ತು. 2050ರ ಹೊತ್ತಿಗೆ ಜಗತ್ತಿನ ಅರ್ಧದಷ್ಟು ಜನ ಸಮೀಪದೃಷ್ಟಿಯವರಾಗಬಹುದು, ಹತ್ತರಲ್ಲಿ ಒಬ್ಬರು ಕಡು ಸಮೀಪದೃಷ್ಟಿಯವರಾಗಬಹುದು ಎಂಬುದು 2016ರ ಒಂದು ಅಂದಾಜು.

ನಂಬರು ಬಂದ ಮೇಲೆ ಅದು ಏರುವ ವೇಗ ತಗ್ಗಿಸಲು ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ವಿಶೇಷ ಬಗೆಯ ಮಸೂರಗಳು ಈಗ ಇವೆ. ಇವನ್ನು ಮಕ್ಕಳ ಕಣ್ಣಿನ ತಜ್ಞರು ಮಾತ್ರ ನಿರ್ಧರಿಸಬೇಕು, ಅಂಗಡಿಯಿಂದ ಕೇಳಿ ತರುವುದಲ್ಲ. ನಂಬರು ಹೆಚ್ಚುತ್ತದೆಂದು ಹೆದರಿ ಕನ್ನಡಕವನ್ನೇ ಕೊಡದಿರುವುದೂ ತಪ್ಪು.

ಬಿಚ್ಚಿಟ್ಟ ಕನ್ನಡಕ

ಓದುಗರೇ, ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳುತ್ತೇನೆ. ನನ್ನನ್ನು ನೋಡಲು ಹುಡುಗನ ಮನೆಯವರು ಬಂದ ದಿನ ಕನ್ನಡಕ ಬಿಚ್ಚಿಡುವಂತೆ ಮನೆಯ ಹಿರಿಯರು ಹೇಳಿದರು. ಚಹಾದ ತಟ್ಟೆ ಹಿಡಿದು ಒಳಗೆ ಹೋದಾಗ ನನಗೆ ಕಂಡದ್ದು ಐದಾರು ಬಣ್ಣದ ಮಸುಕುಗಳು ಮಾತ್ರ. ಯಾರು ಹುಡುಗ, ಯಾರು ಅವನ ಅಣ್ಣ ಎಂದು ತಿಳಿಯಲಿಲ್ಲ. ಆ ಸಂಬಂಧ ಕೂಡಿಬರಲಿಲ್ಲ. ಮುಂದಿನ ಬಾರಿ ನಾನು ಕನ್ನಡಕ ಹಾಕಿಕೊಂಡೇ ಹೋದೆ, ಅಬ್ಬಾನ ಕಣ್ಣಿನ ವಿಷಯವನ್ನೂ ನಾನೇ ಹೇಳಿದೆ. ಆ ಮನೆಗೇ ನಾನು ಸೊಸೆಯಾಗಿ ಹೋದೆ.

ದಪ್ಪ ಕನ್ನಡಕದ ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚೆ ಲೇಸಿಕ್ ಮಾಡಿಸುವ ರೂಢಿ ಈಗ ಬಂದಿದೆ. ವೈದ್ಯರು ಸೂಕ್ತವೆಂದರೆ ಮಾಡಿಸುವುದರಲ್ಲಿ ತಪ್ಪಿಲ್ಲ. ಆದರೆ ಅದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ಮಾತ್ರ ತಿದ್ದುತ್ತದೆ. ನಂಬರು ಹೋಗುತ್ತದೆ, ಉದ್ದವಾದ ಕಣ್ಣು ಹಾಗೆಯೇ ಉಳಿಯುತ್ತದೆ, ತೆಳುವಾದ ಅಕ್ಷಿಪಟಲವೂ ಹಾಗೆಯೇ. ಕನ್ನಡಕ ಹೋಯಿತೆಂದು ಪರೀಕ್ಷೆಯನ್ನೂ ಮರೆತರೆ, ಅಪಾಯ ಮನೆಯವರಿಗೆಲ್ಲ ಮರೆಯಾಗಿ ಒಳಗೇ ಕುಳಿತಿರುತ್ತದೆ. ವಂಶದ ವಿಷಯವನ್ನು ಮುಚ್ಚಿಟ್ಟರೆ ನಷ್ಟ ನಮಗೇ. ಅದನ್ನು ತಿಳಿಯುವುದು ಹೆಣ್ಣನ್ನು ಬೇಡವೆನ್ನಲಿಕ್ಕಲ್ಲ, ಮಗುವನ್ನು ಬೇಗ ವೈದ್ಯರ ಬಳಿ ಕರೆದೊಯ್ಯಲಿಕ್ಕೆ.

ನೆನಪಿಡಬೇಕಾದ ಮಾತುಗಳು

1. ತಂದೆ ತಾಯಿಯಲ್ಲಿ ಒಬ್ಬರಿಗೆ ಸಮೀಪದೃಷ್ಟಿಯಿದ್ದರೆ ಮಗುವಿಗೆ ಅಪಾಯ ಹೆಚ್ಚು, ಇಬ್ಬರಿಗೂ ಇದ್ದರೆ ಇನ್ನೂ ಹೆಚ್ಚು. ಅಂತಹ ಮಗುವಿನ ಕಣ್ಣನ್ನು ಶಾಲೆಗೆ ಸೇರಿಸುವ ಮುನ್ನವೇ ಪರೀಕ್ಷಿಸಿ, ನಂತರ ವರ್ಷಕ್ಕೊಮ್ಮೆಯಾದರೂ ತೋರಿಸಿ.

2. ಐದಾರು ವರ್ಷದೊಳಗೇ ದೊಡ್ಡ ನಂಬರು ಬಂದರೆ, ಅಥವಾ ಅದರ ಜೊತೆ ಕಿವಿ ಮಂದ, ಸೀಳಂಗುಳ, ಕೀಲುನೋವು, ಅಸಹಜ ಎತ್ತರ ಇದ್ದರೆ ವಂಶವಾಹಿ ತಜ್ಞರ ಸಲಹೆ ಪಡೆಯಿರಿ. ಉಳಿದವರಿಗೆ ದುಬಾರಿ ಜೀನ್ ಪರೀಕ್ಷೆ ಬೇಕಿಲ್ಲ. ಮನೆತನದ ಚರಿತ್ರೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು.

3. ಮೈನಸ್ ಆರು ದಾಟಿದವರು, ಚೆನ್ನಾಗಿ ಕಾಣುತ್ತಿದ್ದರೂ, ವರ್ಷಕ್ಕೊಮ್ಮೆ ಹನಿ ಹಾಕಿ ಪಾಪೆ ಹಿಗ್ಗಿಸಿ ಅಕ್ಷಿಪಟಲ ಪರೀಕ್ಷೆ ಮಾಡಿಸಬೇಕು. ಕನ್ನಡಕದ ಅಂಗಡಿಯ ನಂಬರು ಪರೀಕ್ಷೆ ಇದಕ್ಕೆ ಸಮವಲ್ಲ.

4. ಮಿಂಚು, ಹೊಸದಾಗಿ ಹಾರುವ ನುಸಿ, ಬದಿಯಿಂದ ಬರುವ ಪರದೆ, ಈ ಮೂರರಲ್ಲಿ ಯಾವುದು ಕಂಡರೂ ಅದೇ ದಿನ ಹೊರಡಿ. 1993ರ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ ಮೈನಸ್ ಮೂರಕ್ಕಿಂತ ಹೆಚ್ಚಿರುವವರಿಗೆ ಅಕ್ಷಿಪಟಲ ಕಳಚುವ ಅಪಾಯ ಉಳಿದವರಿಗಿಂತ ಸುಮಾರು ಹತ್ತು ಪಟ್ಟು.

5. ಗೆರೆ ಸೊಟ್ಟಗೆ ಕಾಣುವುದು, ಅಕ್ಷರದ ನಡುವೆ ಕಪ್ಪು ಚುಕ್ಕೆ ಕಾಣುವುದು ಕೂಡ ತಡಮಾಡಬಾರದ ಲಕ್ಷಣಗಳೇ.

ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್, ಅಲ್ಲಿಂದ ಬೆಂಗಳೂರಿಗೆ ಸುಮಾರು 240. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಯಾವಾಗ ಕುಸಿಯುತ್ತದೋ ಹೇಳಲಾಗದು. ದಾರಿ ದೂರವಿರುವ ನಮ್ಮಂಥವರಿಗೆ ಮನೆಯಲ್ಲಿ ಕಳೆಯುವ ದಿನಗಳೇ ದುಬಾರಿ. ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಪ್ರತಿಭಾ ಪುರಸ್ಕಾರದ ಜೊತೆಗೆ ಪ್ರತಿ ಜೂನ್ ತಿಂಗಳಲ್ಲಿ ಮಕ್ಕಳ ಕಣ್ಣಿನ ಪರೀಕ್ಷೆಯನ್ನೂ ಇಟ್ಟುಕೊಳ್ಳೋಣ. ಸರ್ಕಾರದ ಶಾಲಾ ಆರೋಗ್ಯ ತಂಡ ಬಂದ ದಿನ ಯಾವ ಮಗುವೂ ಗೈರುಹಾಜರಾಗದಂತೆ ಶಿಕ್ಷಕರು ನೋಡಿಕೊಳ್ಳೋಣ. ಮಧ್ಯಾಹ್ನದ ಒಂದು ಅವಧಿ ಮಕ್ಕಳನ್ನು ಅಂಗಳಕ್ಕೆ ಬಿಡೋಣ.

ನನ್ನ ಮಗಳಿಗೆ ಈಗ ಎಂಟು ವರ್ಷ. ಕಳೆದ ವರ್ಷ ಅವಳಿಗೆ ಮೈನಸ್ ಒಂದು ಬಂತು. ನನಗೆ ಅಳು ಬಂದಿತ್ತು, ಅವಳಿಗೆ ಕೆಂಪು ಫ್ರೇಮು ಸಿಕ್ಕಿತೆಂದು ಖುಷಿ. ಶಾಲೆ ಬಿಟ್ಟ ಮೇಲೆ ಮಳೆಯಿಲ್ಲದ ದಿನಗಳಲ್ಲಿ ಅಬ್ಬಾ ಅವಳನ್ನು ತೋಟದ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಅವರ ಒಂದು ಕಣ್ಣು ಈಗಲೂ ಚೆನ್ನಾಗಿದೆ, ಏಕೆಂದರೆ ಆ ಘಟನೆಯ ನಂತರ ಅದರಲ್ಲಿ ಕಂಡ ಎರಡು ತೆಳುವಾದ ಜಾಗಗಳಿಗೆ ಸಕಾಲದಲ್ಲಿ ಲೇಸರ್ ಮಾಡಿಸಿದ್ದೆವು. "ಏನಾದರೂ ಮಿಂಚಿದರೆ ಯಾರಿಗೆ ಹೇಳಬೇಕು?" ಎಂದು ಅವರು ಮೊಮ್ಮಗಳನ್ನು ಆಗಾಗ ಕೇಳುತ್ತಾರೆ. "ಕೂಡಲೇ ಅಮ್ಮನಿಗೆ" ಎನ್ನುತ್ತಾಳೆ ಅವಳು.

ಪ್ರಿಯ ವಿದ್ಯಾರ್ಥಿಗಳೇ, ನೀವೂ ಇಂದು ಮನೆಗೆ ಹೋಗಿ ಆ ತಜ್ಞರು ಕೇಳಿದ ಪ್ರಶ್ನೆಯನ್ನೇ ಕೇಳಿ ನೋಡಿ: ನಮ್ಮ ಮನೆಯಲ್ಲಿ ಯಾರಿಗೆಲ್ಲ ಮೈನಸ್ ನಂಬರು ಇದೆ, ಯಾರ ಕಣ್ಣು ಹೋಗಿದೆ? ಉತ್ತರವನ್ನು ಬರೆದಿಟ್ಟುಕೊಳ್ಳಿ. ಅದು ನಿಮ್ಮ ಮನೆತನದ ಚರಿತ್ರೆ.